ಟಗರು ಗುದ್ದಿದ ಡಬ್ಬಾ

ಇನ್ನು ಮುಂದೆ ಯಾರೂ ವಾದ್ಯ ಬಾರಿಸಕೂಡದು ಎಂಬ ಹುಕುಮನ್ನು ತಳವಾರ ಸಾಯಬಣ್ಣ ಊರ ತುಂಬ ಹಲಗಿ ಬಾರಿಸಿಯೇ ಸಾರಿದ. ಸರಕಾರದ ಬುದ್ಧಿ ಅಂದರೆ ಹೀಗಿರಬೇಕು. ನಮ್ಮ ನಿಮ್ಮಂಥವರಿಗೆ ಎಲ್ಲಿಂದ ಬರಬೇಕು ಇಂಥ ಬುದ್ಧಿ!

ಊರು ಹಾಲಹಟ್ಟಿ. ಅಕ್ಕಲಕೋಟದ ಸೀಮೆ, ದುಧನಿ ಟೇಶನ್ನಿನಿಂದ ಎರಡು ಹರದಾರಿ ಒಳಗೆ. ಅಲ್ಲಿಯ ಠಾಣೆಗೆ ಹೊಸದಾಗಿ ಬಂದ ಫೌಜದಾರ ಹಿಂದಿನ ವರ್ಷ, ಅಂದರೆ ಮೂವತ್ತನೇ ಇಸವಿಯಲ್ಲಿ, ಸೊಲ್ಲಾಪುರದಲ್ಲಿ ಗಲಾಟೆಯಾಗಿ ಲಷ್ಕರಿ ಕಾಯದೆ ಬಂದಾಗ ಆ ಗದ್ದಲದಲ್ಲಿ ಸಿಕ್ಕಿಕೊಂಡಿದ್ದನಂತೆ. ಅಂದಿನಿಂದ ಪಕ್ಕದ ಮನೆಯಲ್ಲಿ ತಂಬಿಗೆ ಉರುಳಿದರೂ ಕುರ್ಚಿ ಬಿಟ್ಟು ಏಳುತ್ತಿದ್ದ. ಅಂಥ ಶೂರನ ಕಿವಿಗೆ ಕುರುಬರ ಓಣಿಯ ಡೊಳ್ಳು ಬಿದ್ದರೆ ಇನ್ನೇನಾದೀತು? ಮರುದಿನವೇ ಮರಾಠಿಯಲ್ಲಿ ಹುಕುಮು ಹೊರಟಿತು. ಪತ್ರ ಇದ್ದವರು ಮಾತ್ರ ಬಾರಿಸಬೇಕು, ಇಲ್ಲದವರು ಬಾರಿಸಿದರೆ ಜೇಲು. ಪತ್ರ ಅಂದರೆ ಠಾಣೆಯ ಪರವಾನಗಿ ಪತ್ರ.

ಸಾಯಬಣ್ಣನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಸಾರುವಾಗ ಒಂದೊಂದು ಮಾತಿನ ಬಾಲ ಹಿಡಿದು ಎಳೆಯುವುದು ಅವನ ಚಟ.

"ಕೇಳ್ರಪ್ಪೋ ಕೇಳ್ರೀ! ಪತ್ರಾಆಆ ಇದ್ರ ಬಾರಸ್ರೀಈಈ! ಪತ್ರಾಆಆ ಇಲ್ಲಾಂದ್ರ ಜೇಲ್ ರೀಈಈ!"

ಆ ಕಡೆ ತಗಡಿಗೆ ಪತ್ರಾ ಅಂತಾರೆ. ಛಾವಣಿಗೆ ಹಾಕುವುದು ಪತ್ರಾ, ಚಿಮಣಿ ಎಣ್ಣೆಯ ಡಬ್ಬಾ ಪತ್ರಾದ್ದು. ಹೀಗಾಗಿ ಊರಿಗೆಲ್ಲ ತಿಳಿದದ್ದು ಒಂದೇ: ಚರ್ಮ ಬಂದ್, ತಗಡು ಚಾಲೂ. ಇದೆಂಥ ಕಾಯದೆ ಎಂದು ಒಬ್ಬರೂ ಕೇಳಲಿಲ್ಲ. ಸರಕಾರದ ಹುಕುಮು ತಲೆಗೆ ಹೊಂದುವಂತೆ ಇರಬೇಕು ಎಂಬ ಆಸೆಯನ್ನು ಹಾಲಹಟ್ಟಿಯವರು ಎಂದೋ ಬಿಟ್ಟಿದ್ದರು.

ಹುಕುಮಿನ ಬೆನ್ನಿಗೇ ಸಿಪಾಯಿಯೊಬ್ಬ ಬಂದು ಕುರುಬರ ಓಣಿಯ ಅಮೋಗಸಿದ್ಧನ ಡೊಳ್ಳಿನ ಒಂದು ಮಗ್ಗುಲಿನ ಚರ್ಮಕ್ಕೆ ಚಾಕು ಹಾಕಿದ. ಒಳಗೆ ಬಾಂಬು ಇದೆಯೋ ಎಂದು ನೋಡಬೇಕಿತ್ತಂತೆ. ಬಾಂಬು ಇರಲಿಲ್ಲ. ಅಮೋಗಸಿದ್ಧನ ಮುತ್ತ್ಯಾನ ಕಾಲದ ಗಾಳಿ ಇತ್ತು, ಅದೂ ಹೋಯಿತು.

ಅಮೋಗಸಿದ್ಧನ ಹೆಂಡತಿ ಗಂಗುಬಾಯಿ ಆ ಸಿಪಾಯಿಗೆ ಇಟ್ಟ ಶಾಪಗಳನ್ನು ಬರೆದರೆ ಈ ಕಾಗದ ಸುಟ್ಟುಹೋದೀತು, ಬಿಡಿ. ಅವಳ ಚಿಂತೆ ಬೇರೆಯೇ ಇತ್ತು. ಬೀರೋಬಾನ ಪಲ್ಲಕ್ಕಿ ಏಳುವಾಗ ಮೊದಲ ಪೆಟ್ಟು ಹಾಕುವ ಹಕ್ಕು ಅವಳ ಗಂಡನ ಮನೆತನದ್ದು. ಅದಕ್ಕೆ ಮಾನ ಅಂತಾರೆ. ಆ ಪೆಟ್ಟು ಬೀಳುವ ತನಕ ದೇವರು ಕೂಡ ಜಗಲಿ ಬಿಟ್ಟು ಇಳಿಯುವಂತಿಲ್ಲ. ಒಂದೇ ಒಂದು ವರ್ಷ ತಪ್ಪಿದರೂ ಮಾನ ದಾಯಾದಿಯ ಪಾಲು. ದಾಯಾದಿ ಅಂದರೆ ಕಾಮಣ್ಣ, ಅಮೋಗಸಿದ್ಧನ ಕಾಕನ ಮಗ. ಅಣ್ಣನಿಗೆ ಕೆಮ್ಮು ಬಂದರೆ ಇವನಿಗೆ ಹಸಿವು ಹೆಚ್ಚುತ್ತಿತ್ತು.

ಕಾಮಣ್ಣ ತಡಮಾಡಲಿಲ್ಲ. ಸೊಲ್ಲಾಪುರಕ್ಕೆ ಹೋಗಿ ಮುಖ ಕಾಣುವಂಥ ಹೊಸ ಡಬ್ಬಾ ತಂದ. ಅದನ್ನು ಹೆಗಲ ಮೇಲಿಟ್ಟುಕೊಂಡೇ ಅಣ್ಣನನ್ನು ಸಮಾಧಾನ ಮಾಡಲು ಬಂದ, ಪಾಪ.

"ಅಣ್ಣಾ, ನಿನ್ನ ಕೈ ಚರ್ಮದ್ದು. ಪತ್ರಾಕ್ಕ ಹೊಂದಂಗಿಲ್ಲ. ಈ ವರ್ಷ ನಾ ಸಂಭಾಳಸ್ತೀನಿ, ನೀ ಆರಾಮ ಕೂಡು."

"ಮಾನ ಹೊತಗೊಂಡು ಹೋಗಾಕ ಡಬ್ಬಾನೂ ತಂದೀಯಲ್ಲೋ ಮೈದುನಾ," ಎಂದಳು ಗಂಗುಬಾಯಿ. "ಹಗ್ಗಾನೂ ತರಬೇಕಿತ್ತು, ಬಿಗದು ಕಟ್ಟಿ ಕಳಸ್ತಿದ್ದೆ."

"ವೈನಿ, ನಿಮಗ ಎಲ್ಲಾ ಚೇಷ್ಟಾನ," ಎಂದು ಕಾಮಣ್ಣ ಹಲ್ಲು ಕಿರಿದು ಹೋದ.

ಅಮೋಗಸಿದ್ಧ ರೊಟ್ಟಿ ಮುಟ್ಟಲಿಲ್ಲ. ಹರಿದ ಡೊಳ್ಳಿನ ಮುಂದೆ ಕೂತವನು ಕೂತೇ ಇದ್ದ. ಡೊಳ್ಳು ಹೆಗಲಿಗೆ ಬಿದ್ದಾಗ ಅವನ ಡೌಲು ನೋಡಲಾಗದೆ ಗಂಗುಬಾಯಿ ಎಷ್ಟು ಸಲ ಮುಖ ತಿರುವಿದ್ದಳೋ. ಈಗ ಡೌಲು ಇಲ್ಲದ ಗಂಡನನ್ನು ನೋಡಲಾಗಲಿಲ್ಲ. ಸಿಟ್ಟು ಬಂತು. ಒಳಗೆ ಹೋಗಿ ಜೋಳ ತುಂಬಿಟ್ಟ ಹಳೆಯ ಡಬ್ಬಾ ಎಳೆದು ತಂದಳು. ಜೋಳವನ್ನು ಹರಿದ ಡೊಳ್ಳಿನೊಳಗೆ ಸುರಿದು, ಖಾಲಿ ಡಬ್ಬಾವನ್ನು ಅವನ ಮುಂದೆ ಕುಕ್ಕಿದಳು.

"ತಗೋರಿ, ಪತ್ರಾ. ಬಾರಸ್ರಿ."

"ಡೊಳ್ಳಿನಾಗ ಜ್ವಾಳಾ ಸುರದ್ಯಾ?"

"ಮತ್ತೇನ್ ನೆಲಕ್ಕ ಸುರೀಲಿ? ಬಾರಸ್ರಿ ಅಂದ್ನಿ."

"ಇದಕ ಟಗರು ಗುದ್ದ್ಯಾದ. ಮೈತುಂಬ ತೆಗ್ಗು ಬಿದ್ದಾವ."

"ನಿಮ್ಮ ಮಾರಿಗಿಂತ ಛಲೋ ಅದ."

ಡಬ್ಬಾಕ್ಕೆ ಟಗರು ಗುದ್ದಿದ್ದು ಹೌದು. ಒಳಗಿನ ಜೋಳದ ವಾಸನೆಗೆ ಸೊಕ್ಕೇರಿ ಎದುರಾಳಿ ಎಂದು ತಿಳಿದು ಗುದ್ದಿತ್ತು. ಅಮೋಗಸಿದ್ಧ ಗೊಣಗುತ್ತ ಒಂದು ಗುಂಡುಕಲ್ಲು ಹಿಡಿದು ತಗ್ಗುಗಳನ್ನು ಒಳಗಿನಿಂದ ತಟ್ಟಿ ಮೇಲೆಬ್ಬಿಸಲು ಕೂತ. ಒಂದು ಉಬ್ಬು ಠಣ್ ಎಂದಿತು. ಅದರ ಪಕ್ಕದ್ದು, ಅದೇ ಡಬ್ಬಾದ್ದೇ, ಟಿಂವ್ ಎಂದಿತು. ಅಂಚಿನ ಚಿಕ್ಕ ಉಬ್ಬು ಮರಿ ತಾಯಿಯನ್ನು ಕರೆದಂತೆ ಕೂಗಿತು. ಅಮೋಗಸಿದ್ಧನ ಕೈ ನಿಂತಿತು. ಮತ್ತೆ ಬಡಿದ. ಕಲ್ಲಿನಿಂದ ಇನ್ನೊಂದಿಷ್ಟು ಉಬ್ಬಿಸಿದ, ದನಿ ಬದಲಾಯಿತು. ಡೊಳ್ಳು ಇಷ್ಟು ವರ್ಷ ಅವನ ಜೊತೆ ಎರಡೇ ಮಾತು ಆಡಿತ್ತು, ಎಡದ್ದೊಂದು ಬಲದ್ದೊಂದು. ಈ ದರಿದ್ರ ಡಬ್ಬಾ ಬಾಯಿಬಡಕಿಯಾಗಿತ್ತು. ಅಂದು ಅವನು ರೊಟ್ಟಿ ತಿಂದ, ಖಾರ ಕಡಿಮೆಯಾಯಿತೆಂದು ಬೈದ ಕೂಡ. ಗಂಗುಬಾಯಿಗೆ ಜೀವ ಬಂತು.

ಇಲ್ಲೊಂದು ಮಾತು. ಏಳು ಸಮುದ್ರದ ಆಚೆ ಟ್ರಿನಿಡಾಡ್ ಎಂಬ ದ್ವೀಪದಲ್ಲೂ ಆಗ ಇಂಗ್ಲಿಷರದೇ ದರಬಾರು. ಅಲ್ಲಿಯ ಕರಿಯ ಜನರ ಚರ್ಮದ ವಾದ್ಯಗಳನ್ನೂ ಅವರು ಹೀಗೇ ಬಂದ್ ಮಾಡಿದ್ದರು. ಜನ ಬಿದಿರು ಕುಟ್ಟಿದರು. ಆಮೇಲೆ ಇದೇ ಮೂವತ್ತರ ದಶಕದಲ್ಲಿ ಬಿಸ್ಕೀಟಿನ ಡಬ್ಬಾ ಹಿಡಿದರು, ಮುಂದೆ ಎಣ್ಣೆಯ ಪೀಪಾಯಿ. ತಗ್ಗು ಉಬ್ಬು ಬಡಿದು ಅದರೊಳಗಿಂದ ಸ್ವರ ಎಬ್ಬಿಸಿದರು. ಈಗ ಅದಕ್ಕೆ ಸ್ಟೀಲ್ ಪ್ಯಾನ್ ಎಂದು ಲೋಕವೆಲ್ಲ ಕೈ ಮುಗಿಯುತ್ತದೆ. ಹಾಲಹಟ್ಟಿಯ ಟಗರು ಮಾಡಿದ ಕೆಲಸಕ್ಕೆ ಯಾರೂ ಹೆಸರಿಡಲಿಲ್ಲ. ಟಗರನ್ನು ಮಾತ್ರ ಮುಂದೊಂದು ಹಬ್ಬಕ್ಕೆ ತಿಂದು ಮುಗಿಸಿದರು.

ಪಲ್ಲಕ್ಕಿ ಏಳುವ ಅಮಾವಾಸ್ಯೆ ಬಂತು. ಬೀರೋಬಾನ ಗುಡಿಯ ಮುಂದೆ ಕಾಮಣ್ಣ ಎಲ್ಲರಿಗಿಂತ ಮೊದಲು ಬಂದು ಹೊಸ ಡಬ್ಬಾವನ್ನು ಕೈ ಪಳಗಲಿ ಎಂದು ಬಡಿದು ನೋಡುತ್ತಿದ್ದ. ಡಬ್, ಡಬ್, ಡಬ್. ಎಲ್ಲಿ ಬಡಿದರೂ ಅದೇ ಡಬ್. ಪೂಜಾರಿ ಹಣೆ ಗಂಟಿಕ್ಕಿ, "ದೇವರೇನು ಚಿಮಣಿ ಎಣ್ಣಿ ಮಾರಾಕ ಕುಂತಾನೇನೋ?" ಎಂದ. ಅಷ್ಟರಲ್ಲಿ ಅಮೋಗಸಿದ್ಧ ಕಂಬಳಿ ಸರಿಸಿ ತನ್ನ ಡಬ್ಬಾ ಹೊರತೆಗೆದ. ಅದರ ರೂಪ ಕಂಡು ಜನ ನಕ್ಕರು. ಅವನು ಮೊದಲ ಪೆಟ್ಟು ಹಾಕಿದ.

ನಗೆ ನಿಂತಿತು. ಠಣ್ ಟಿಂವ್ ಎಂದು ಡಬ್ಬಾ ಹಾಡಿತು, ಮರಿ ಕೂಗಿತು, ಹೊರಗೆ ಕಟ್ಟಿದ್ದ ಕುರಿಗಳು ತಿರುಗಿ ಕೂಗಿದವು. ಪಲ್ಲಕ್ಕಿ ಎದ್ದಿತು. ಗಂಗುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾನ ಉಳಿದಿತ್ತು.

ಆಗ ಬಂದ ನಮ್ಮ ಶೂರ, ಸಿಪಾಯಿಗಳ ಸಮೇತ. "ಪತ್ರ ಕುಠೇ ಆಹೇ? ಪತ್ರ ದಾಖವಾ!" ಎಂದು ಕಿರಿಚಿದ. ಪತ್ರ ಎಲ್ಲಿದೆ, ತೋರಿಸಿ ಎಂದು.

ಕಾಮಣ್ಣನ ಹೊಸ ಡಬ್ಬಾ ಕಂಬಳಿಯೊಳಗೆ ಮಾಯವಾಯಿತು. ಗಂಗುಬಾಯಿ ಗಂಡನ ಕೈಯಿಂದ ಡಬ್ಬಾ ಕಿತ್ತುಕೊಂಡು ಸಾಹೇಬನ ಮೂಗಿಗೆ ಹಿಡಿದಳು.

"ಇದ ನೋಡ್ರಿ, ಪತ್ರಾ."

"ಹೇ ಪತ್ರ ನವ್ಹೇ!"

"ಪತ್ರಾ ಅಲ್ಲಂದ್ರ ಮತ್ತೇನ್ ಮಣ್ಣಿಂದೇನ್ರಿ? ಬಡದು ನೋಡ್ರಿ ಬೇಕಂದ್ರ. ಸಾಯಬಣ್ಣಾ, ನೀನ ಸಾರಿದ್ದಲ್ಲೋ, ಪತ್ರಾ ಇದ್ರ ಬಾರಸ್ರಿ ಅಂತ?"

ಸಾಯಬಣ್ಣನಿಗೆ ಆ ಗಳಿಗೆಯಲ್ಲಿ ತಾನು ಎಳೆದ ಬಾಲ ನೆನಪಾಯಿತು. ಬೆವರು ಒರೆಸಿಕೊಂಡು, "ಖರೇ ರೀ ಸಾಹೇಬ್ರ, ಪತ್ರಾನ ಅಂದಿದ್ನಿರಿ," ಎಂದ. ಊರೆಲ್ಲ ಗೋಣು ಹಾಕಿತು. ಸರಕಾರದ ಹೆಸರಿನಲ್ಲಿ ಸಾರಿದ ಮಾತು. ಯಾರನ್ನು ಹಿಡಿಯುವುದು? ಹಿಡಿಯದೆ ಹೋದರೆ ಫೌಜದಾರನ ಮಾನದ ಗತಿ ಏನು? ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ಫೌಜದಾರ ಡಬ್ಬಾವನ್ನು ಕೈದು ಮಾಡಿದ. ಸಿಪಾಯಿ ಅದಕ್ಕೆ ಹಗ್ಗ ಬಿಗಿದು ನಡೆಸಿಕೊಂಡು, ಅಲ್ಲ, ಎಳೆದುಕೊಂಡು ಹೋದ. ಅದು ದಾರಿಯುದ್ದಕ್ಕೂ ಹಾಡುತ್ತಲೇ ಹೋಯಿತು. ಅಮೋಗಸಿದ್ಧ ಆ ಸಪ್ಪಳ ಕರಗುವವರೆಗೆ ನಿಂತಿದ್ದ.

ಸುದ್ದಿ ದುಧನಿಯಿಂದ ಅಕ್ಕಲಕೋಟದವರೆಗೆ ಹೋಯಿತು. ಡಬ್ಬಾ ಹಿಡಿದ ಫೌಜದಾರ ಎಂದು ಸಂತೆಯಲ್ಲಿ ಹೆಸರು ಬಿದ್ದ ಮೇಲೆ ಅವನಿಗೆ ಊರೊಳಗೆ ಕಾಲಿಡುವುದು ಕಷ್ಟವಾಯಿತು. ಮುಂದಿನ ವರ್ಷ ಅಮಾವಾಸ್ಯೆಗೆ ಮುಂಚೆ ತಾನಾಗಿಯೇ ಅಮೋಗಸಿದ್ಧನಿಗೆ ಕರೆ ಕಳಿಸಿದ. ಡೊಳ್ಳು ಬಾರಿಸಲು ಪರವಾನಗಿ, ಮೊಹರು ಸಮೇತ! ಗಂಗುಬಾಯಿ ಆ ಬೆಳಿಗ್ಗೆಯೇ ಡೊಳ್ಳಿನೊಳಗಿನ ಜೋಳ ತೆಗೆದು ಕಂಬಳಿಯ ಮೇಲೆ ಹರವಿ, ಹೊಸ ಚರ್ಮಕ್ಕೆ ಒಂದು ಕುರಿಯನ್ನೂ ಮನಸ್ಸಿನಲ್ಲಿ ಆರಿಸಿ, ಗಂಡನ ಹಿಂದೆ ಠಾಣೆಗೆ ನಡೆದಳು.

ಫೌಜದಾರ ಪತ್ರ ಚಾಚಿದ. ಅಮೋಗಸಿದ್ಧ ಅದನ್ನು ಹಿಡಿದು ಮೇಲೆ ಕೆಳಗೆ ಮಾಡಿದ, ಕಣ್ಣು ಮಾತ್ರ ಮೂಲೆಯಲ್ಲಿತ್ತು. ಅಲ್ಲಿ ಟಗರು ಗುದ್ದಿದ ಡಬ್ಬಾದಲ್ಲಿ ಸಾಹೇಬನ ಕುದುರೆಗೆ ಹುರುಳಿ ನೆನೆಹಾಕಿದ್ದರು.

"ಪತ್ರ ತಗೊಂಡು ನಾ ಏನ್ ಮಾಡ್ಲಿರಿ ಸಾಹೇಬ್ರ?" ಎಂದ. "ನನ್ನ ಪತ್ರಾ ಕೊಡ್ರಿ."

ಫೌಜದಾರ ಪಕ್ಕದಲ್ಲಿ ನಿಂತಿದ್ದ ಸಾಯಬಣ್ಣನ ಮುಖ ನೋಡಿದ. ಸಾಯಬಣ್ಣ ಈ ಸಲ ಯಾವ ಬಾಲವನ್ನೂ ಎಳೆಯದೆ, "ಡಬ್ಬಾ ಕೇಳಾಕತ್ತಾನ್ರಿ," ಎಂದ.

ಡಬ್ಬಾ ಹೊತ್ತ ಗಂಡನ ಹಿಂದೆ ಮನೆಗೆ ಬಂದ ಗಂಗುಬಾಯಿ ಕಂಬಳಿಯ ಮೇಲಿನ ಜೋಳವನ್ನು ಬಳಿದು ಮತ್ತೆ ಡೊಳ್ಳಿಗೆ ಸುರಿದಳು. ಧೂಳು ಬೀಳದ ಹಾಗೆ ಚಾಕು ಹಾಕಿದ ತೂತಿಗೊಂದು ಮುಚ್ಚಳ ಬೇಕಿತ್ತು. ಮೊಹರಿನ ಪತ್ರ ಅಳತೆಗೆ ಸರಿಯಾಗಿತ್ತು.