ಸಿಲಿಂಡರಿನ ನೆತ್ತಿಗೆ ಎಣ್ಣೆ

"ನಿಲ್ಸ್ರಿ! ನಿಲ್ಸ್ರೀ!" ಎಂದು ಕೂಗುತ್ತ, ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತ ಜಯಕ್ಕ ಓಡಿದಳು. ಹಿರಿಯೂರಿನ ನಿಲ್ದಾಣದಿಂದ ಹೊರಳಿ ಹೊಸದುರ್ಗದ ದಾರಿ ಹಿಡಿದಿದ್ದ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲು ತೆರೆದು ಅವಳನ್ನು ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡ.

"ಏನವ್ವ, ಗಾಲಿಗೆ ಬಿದ್ದು ಸಾಯ್ತೀಯಾ? ಎಲ್ಲಿಗೆ?"

"ಮಾರಿಕಣಿವೆ ಈಚೆಗೆ, ಕಾಟಲಿಂಗಪ್ಪೋರ ಆಲೆಮನೆ ಹತ್ರ. ಸ್ವಲ್ಪ ಜೋರಾಗಿ ಹೊಡಿಯಾಕೆ ಹೇಳಪ್ಪ."

"ಎಮರ್ಜೆನ್ಸಿ ಕಣವ್ವ, ಬಸ್ಸಿನ ಮೈಮೇಲೆ ಏನು ಬರ್ದವ್ರೆ ನೋಡಿಲ್ವಾ? ಹೆಚ್ಚು ದುಡಿಮೆ, ಕಡಿಮೆ ಮಾತು. ಡ್ರೈವರಿಗೆ ಏನಾರ ಹೇಳಾಕೆ ಹೋದ್ರೆ ನನ್ನನ್ನೇ ಒಳಗೆ ಹಾಕಿಸ್ತಾನೆ."

ಮುಂದಿನ ಸೀಟಿನ ಇಬ್ಬರು ನಕ್ಕರು. ನಕ್ಕವರು ಹಾಗೇ ಅತ್ತಿತ್ತ ನೋಡಿ ಸುಮ್ಮನಾದರು. ಜಯಕ್ಕನಿಗೆ ನಗು ಕಿವಿಗೆ ಬಿತ್ತೇ ಹೊರತು ಒಳಗಿಳಿಯಲಿಲ್ಲ. ಎಲೆಯಡಿಕೆ ಜಗಿಯುತ್ತಿದ್ದ ಮುದುಕಿಯೊಬ್ಬಳ ಪಕ್ಕದಲ್ಲಿ ಕುಸಿದು ಕೂತಳು. ಅವರು ಈಗಾಗಲೇ ಕೀ ತಿರುಗಿಸಿಬಿಟ್ಟಿದ್ದರೆ? ಈಗ, ನಾನು ಈ ಸೀಟಿನ ಮೇಲೆ ಕೂರುತ್ತಿರುವ ಈ ಗಳಿಗೆಯಲ್ಲೇ?

ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಗೆ ಮುಖ ಮಾಡಿದ್ದ ತಗಡಿನ ಶೆಡ್ಡು ಅವಳ ಗಂಡ ಮೂರ್ತಪ್ಪನ ವೆಲ್ಡಿಂಗ್ ಶಾಪು. ಶೆಡ್ಡಿನ ಬೆನ್ನಿಗೇ ಮನೆ. ಆ ರಸ್ತೆಯಲ್ಲಿ ಸಿಲಿಂಡರ್ ಅನ್ನುವ ಮಾತು ಬೆಳಗಿನಿಂದ ಸಂಜೆತನಕ ಕಿವಿಗೆ ಬೀಳುತ್ತಿತ್ತು. ಎದುರಿನ ಗ್ಯಾರೇಜಿನ ಚಿತ್ರಲಿಂಗಪ್ಪನಿಗೆ ಸಿಲಿಂಡರ್ ಎಂದರೆ ಇಂಜಿನ್ನಿನ ಹೊಟ್ಟೆ. ಅದು ಸವೆಯಿತು, ಇದು ಹಿಡಿದುಕೊಂಡಿತು ಎಂದು ಲಾರಿಯವರ ಜೊತೆ ಅವನ ಜಗಳ ಮುಗಿಯುತ್ತಿರಲಿಲ್ಲ. ಮೂಲೆಯ ಹೋಟೆಲಿನಲ್ಲಿ ಅದು ಹೋದ ವರ್ಷ ಬಂದ ಅಡುಗೆ ಗ್ಯಾಸು. ಹೊಸ ಸೊಸೆಯನ್ನು ಕಂಡ ಹಾಗೆ ಎಲ್ಲರೂ ಒಂದು ಸಲ ಒಳಗೆ ಇಣುಕಿ ಬಂದಿದ್ದರು. ಆಸ್ಪತ್ರೆಯಲ್ಲಿ ಅದು ಸಾಯುವವರ ಮಂಚದ ತಲೆದೆಸೆಯಲ್ಲಿ ನಿಲ್ಲುವ ಉಸಿರು. ಜಯಕ್ಕನಿಗೆ ಮಾತ್ರ ಸಿಲಿಂಡರ್ ಎಂದರೆ ಶೆಡ್ಡಿನ ಮೂಲೆಯಲ್ಲಿ ಸರಪಳಿ ಹಾಕಿಸಿಕೊಂಡು ನಿಂತ ಎರಡು ಕಪ್ಪು ಕಬ್ಬಿಣದ ಆಳುಗಳು. ಅವಳಿಗಿಂತ ಅವೇ ತುಸು ಎತ್ತರ. ಅವುಗಳಲ್ಲಿದ್ದ ಆಕ್ಸಿಜನ್ನು ಕಾರ್ಬೈಡಿನ ಗ್ಯಾಸಿಗೆ ಸೇರಿದರೆ ಕಬ್ಬಿಣ ಬೆಣ್ಣೆಯ ಹಾಗೆ ಕರಗುತ್ತಿತ್ತು.

ಮದುವೆಯಾಗಿ ಬಂದ ವಾರದಲ್ಲೇ ಮೂರ್ತಪ್ಪ ಹೇಳಿದ್ದ: "ಅವನ್ನ ಹೆಂಗಸ್ರು ಮುಟ್ಟಂಗಿಲ್ಲ."

ಯಾಕೆಂದು ಅವಳು ಕೇಳಿರಲಿಲ್ಲ. ದೇವರ ಮನೆಗೆ ಯಾವಾಗ ಹೋಗಬಾರದು, ಉಪ್ಪಿನಕಾಯಿ ಜಾಡಿಗೆ ಯಾವಾಗ ಕೈ ಹಾಕಬಾರದು ಎಂದು ತವರಲ್ಲಿ ಯಾರಾದರೂ ಕಾರಣ ಹೇಳಿದ್ದರೇ? ಅದೇ ಸಾಲಿಗೆ ಇದನ್ನೂ ಸೇರಿಸಿಕೊಂಡಿದ್ದಳು.

ಆಯುಧ ಪೂಜೆಯ ಬೆಳಿಗ್ಗೆ ಮೂರ್ತಪ್ಪ ಬಾಳೆಕಂದು ತರಲು ಸಂತೆಹೊಂಡದ ಕಡೆ ಹೋಗಿದ್ದ. ಅವಳು ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು, ಶೆಡ್ಡು ಸಾರಿಸಿದಳು. ಅಡಿಗಲ್ಲಿಗೆ, ಸುತ್ತಿಗೆಗೆ, ಇಕ್ಕಳಕ್ಕೆ, ಕಾರ್ಬೈಡ್ ಡಬ್ಬಕ್ಕೆ ಎಣ್ಣೆ ಒರೆಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಳು. ಮೂಲೆಯ ಎರಡು ಸಿಲಿಂಡರು ಹಬ್ಬದ ದಿನವೂ ಬೋಳು ಹಣೆಯಲ್ಲಿ ನಿಂತಿದ್ದವು. ಮೈಲಿಗೆಗಲ್ಲವೇ ಮುಟ್ಟಬಾರದು ಅನ್ನುವುದು, ನಾನೀಗ ಮಡಿಯಲ್ಲಿದ್ದೇನಲ್ಲ, ಎಂದುಕೊಂಡಳು. ಒಂದೊಂದರ ಕಬ್ಬಿಣದ ಟೋಪಿಯನ್ನೂ ತಿರುವಿ ತೆಗೆದು, ಎಳೆಗೂಸಿನ ನೆತ್ತಿಗೆ ಒತ್ತುವ ಹಾಗೆ ಕಡಲೆಕಾಯಿ ಎಣ್ಣೆ ಒತ್ತಿದಳು. ಹಿತ್ತಾಳೆಯ ಬಾಯಿ ಬಿಗಿ, ಗ್ಯಾಸು ಬಿಡುವ ಕೀ ತಿರುಗುವುದಿಲ್ಲ ಎಂದು ಅವನು ಗೊಣಗುತ್ತಿದ್ದುದು ನೆನಪಾಗಿ, ಆ ಬಾಯೊಳಕ್ಕೂ ನಾಲ್ಕು ಹನಿ ಬಿಟ್ಟಳು. ಟೋಪಿ ಮುಚ್ಚಿ, ಹೊಟ್ಟೆಗೆ ಕುಂಕುಮ ಇಟ್ಟಳು. ಮೂರ್ತಪ್ಪ ಬಂದವನು ಕುಂಕುಮ ನೋಡಿದ, ಒಮ್ಮೆ ಹುಬ್ಬು ಗಂಟಿಕ್ಕಿದ, ಹಬ್ಬವೆಂದು ಸುಮ್ಮನಾದ. ಟೋಪಿಯ ಒಳಗೆ ಏನಾಗಿದೆಯೆಂದು ಅವನು ನೋಡಲಿಲ್ಲ, ಅವಳು ಹೇಳಲಿಲ್ಲ.

ಹಬ್ಬ ಕಳೆದು ಇವತ್ತು ಬೆಳಕು ಹರಿಯುವ ಮೊದಲೇ ಕಾಟಲಿಂಗಪ್ಪನ ಟ್ರ್ಯಾಕ್ಟರ್ ಬಂದು, ತುಂಬಿದ ಸಿಲಿಂಡರನ್ನೂ ಮೂರ್ತಪ್ಪನನ್ನೂ ಹೇರಿಕೊಂಡು ಹೋಯಿತು. ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ಅಚ್ಚು ಮುರಿದಿತ್ತಂತೆ. ಬಿಸಿಲೇರಿದ ಮೇಲೆ ದಾವಣಗೆರೆಯ ಗ್ಯಾಸ್ ಲಾರಿಯ ಜುಂಜಪ್ಪ ಖಾಲಿ ಸಿಲಿಂಡರ್ ಒಯ್ಯಲು ಬಂದ. ಟೋಪಿ ತೆಗೆದವನು ಬೆರಳು ಮೂಸಿ ನೋಡಿದ.

"ಇದ್ಯಾರಕ್ಕ ಇದಕ್ಕೆ ಎಣ್ಣೆಸ್ನಾನ ಮಾಡ್ಸಿರೋದು?"

"ನಾನೇ ಕಣಣ್ಣ. ಹಬ್ಬ ಅಲ್ವಾ?" ಎಂದು ಜಯಕ್ಕ ನಕ್ಕಿದ್ದಳು.

ಜುಂಜಪ್ಪ ನಗಲಿಲ್ಲ. "ಇನ್ನೊಂದೆಲ್ಲೈತೆ? ಅದಕ್ಕೂ ಹಚ್ಚಿದ್ಯಾ? ಅಯ್ಯೋ ನಿನ್ನ, ಆಕ್ಸಿಜನ್ನಿಗೆ ಎಣ್ಣೆ ಸೋಕಿದ್ರೆ ಬೆಂಕಿ ಕೊಡೋದೇ ಬ್ಯಾಡ, ಅದೇ ಹತ್ಕಂತೈತೆ. ಕೀ ತಿರುಗಿಸ್ದೋನ ಮುಖ ಗುರ್ತು ಸಿಗಲ್ಲ."

"ಒರೆಸಿದ್ರೆ?"

"ಒರೆಸಿದ್ರೆ ಹೊರಗಿಂದು ಹೋತದೆ, ಬಾಯೊಳಗಿಂದು? ಕಂಪನಿಗೇ ವಾಪಸ್ ಬರಬೇಕು ಅದು. ನಿಂತ್ಕಂಡೇನು ನೋಡ್ತೀಯಾ, ಓಡು!"

ಅಷ್ಟೇ. ಅವಳು ಉಟ್ಟ ಸೀರೆಯಲ್ಲೇ ಓಡಿ, ಸಿಕ್ಕ ಬಸ್ಸು ಹತ್ತಿ ಹಿರಿಯೂರು ಸೇರಿದ್ದಳು.

"ಯಾಕವ್ವ ಹಿಂಗೆ ಬೆವರ್ತೀಯಾ?" ಎಂದಳು ಪಕ್ಕದ ಮುದುಕಿ.

"ನಮ್ಮ ಮನೆಯೋರ ಸಿಲಿಂಡರು..." ಜಯಕ್ಕ ಮುಗಿಸುವ ಮೊದಲೇ ಮುದುಕಿ ಶುರು ಮಾಡಿದಳು.

"ಗ್ಯಾಸಿಂದಾ? ನನ್ನ ಮಗಳ ಮನೇಲೂ ತಂದವ್ರೆ ತಗಾ. ಮೊದಮೊದಲು ನಾನೂ ಹೆದರ್ಕಂಡು ಬಚ್ಚಲಮನೇಲಿ ಕುಂತ್ಕತಿದ್ದೆ. ಏನೂ ಆಗಲ್ಲ, ಅನ್ನ ಮಾತ್ರ ರುಚಿ ಇರಲ್ಲ."

ಕಂಡಕ್ಟರ್ ಬಾಯಿ ಹಾಕಿದ: "ಯಾವ ಗಾಡಿದವ್ವ? ಸಿಲಿಂಡರ್ ಹಿಡ್ಕಂಡ್ರೆ ರಿಬೋರ್ ಮಾಡಿಸ್ಬೇಕು. ನಮ್ಮ ಬಸ್ಸಿಂದೂ ಇವತ್ತೋ ನಾಳೆಯೋ ಅನ್ನಂಗೈತೆ."

ಅವಳಿಗೆ ಕಿರುಚಬೇಕೆನಿಸಿತು. ಇಡೀ ಬಸ್ಸಿಗೆ ಬಸ್ಸೇ ಸಿಲಿಂಡರಿನ ವಿಷಯ ಬಲ್ಲದು, ಆ ಕಪ್ಪು ಆಳನ್ನು ಮಾತ್ರ ಯಾರೂ ಕಂಡಿಲ್ಲ. ಬಸ್ಸು ಒಂದೊಂದು ಹುಣಸೆಮರಕ್ಕೂ ನಿಂತಿತು. ಒಂದು ಕಡೆ ಕುರಿಮಂದೆ ಅಡ್ಡ ಬಂತು. ರಸ್ತೆ ತನ್ನಪ್ಪನದು ಅನ್ನುವಂತೆ ಕುರುಬನೊಬ್ಬ ಕೋಲಿಗೆ ಗಲ್ಲ ಊರಿ ನಿಂತಿದ್ದ. ದೂರದಲ್ಲೆಲ್ಲೋ ಢಂ ಎಂದಿತು. ಜಯಕ್ಕ ಎದ್ದು ನಿಂತಳು. ಕಲ್ಲು ಒಡೆಯುವವರ ಸಿಡಿಮದ್ದು, ಎಂದಳು ಮುದುಕಿ. ಇರಬಹುದು. ಇರಬಹುದು ಎಂದುಕೊಂಡರೂ ಅವಳು ಮತ್ತೆ ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಇದ್ದಳು.

ಕಬ್ಬಿನ ಗದ್ದೆಗಳು ಬಂದವು. ಬಸ್ಸಿಳಿದವಳು ಬದುವಿನ ಮೇಲೆ ಓಡಿದಳು. ಆಲೆಮನೆಯ ಕಡೆಯಿಂದ ಹೊಗೆಯಿಲ್ಲ, ಇಂಜಿನ್ನಿನ ಡಬಡಬ ಇಲ್ಲ, ಮನುಷ್ಯರ ಮಾತೂ ಇಲ್ಲ. ಆ ಸದ್ದಿಲ್ಲದ ಬಿಸಿಲಿಗಿಂತ ಸಿಡಿಮದ್ದೇ ವಾಸಿಯಿತ್ತು.

ಗರಿಯ ಚಪ್ಪರದಡಿಯಲ್ಲಿ ಜನ ಗಾಣವನ್ನು ಸುತ್ತುವರಿದು, ಉಸಿರು ಬಿಗಿಹಿಡಿದು ನಿಂತಿದ್ದರು. ನಡುವೆ ಮೂರ್ತಪ್ಪ. ಗಾಣ ಬಿಚ್ಚಿ ಮುರಿದ ಅಚ್ಚು ಹೊರತೆಗೆಯುವುದರಲ್ಲೇ ಇಷ್ಟು ಹೊತ್ತಾಗಿತ್ತು. ಕಂಬಕ್ಕೆ ಕಟ್ಟಿದ ಸಿಲಿಂಡರಿನ ಟೋಪಿ ನೆಲದ ಮೇಲಿತ್ತು. ಅವನು ಗ್ಯಾಸಿನ ಒತ್ತಡ ತೋರಿಸುವ ಮೀಟರು ಕೂಡಿಸಿ ಕೀ ಕೈಗೆತ್ತಿಕೊಳ್ಳುತ್ತಿದ್ದ.

"ತಿರುಗಿಸ್ಬ್ಯಾಡ್ರಿ! ಎಣ್ಣೆ ಹಚ್ಚೀನಿ ಅದಕ್ಕೆ!"

ಎಲ್ಲರೂ ತಿರುಗಿದರು. ಮೂರ್ತಪ್ಪನ ಮುಖ ಮೊದಲು ಸಿಟ್ಟಿನಿಂದ ಕೆಂಪಾಯಿತು. "ಲೇ, ಇಲ್ಲಿಗ್ಯಾಕೆ ಬಂದೆ? ಏನು ಎಣ್ಣೆ?"

"ಹಬ್ಬದ ದಿನ. ನೆತ್ತಿಗೆ ಹಚ್ದೆ. ಬಾಯೊಳಕ್ಕೂ ಬಿಟ್ಟೆ."

ಅವನು ತನ್ನ ಬೆರಳು ನೋಡಿಕೊಂಡ. ಬೆರಳು ಮಿರುಗುತ್ತಿತ್ತು. ಕೆಂಪಾಗಿದ್ದ ಮುಖ ಹಾಗೆಹಾಗೆಯೇ ಬೂದಿಯಾಯಿತು. ಗುಂಪು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು.

"ಮುಟ್ಟಬ್ಯಾಡ ಅಂದಿರ್ಲಿಲ್ವೇನೇ ನಿನಗೆ?"

"ಹೆಂಗಸ್ರು ಮುಟ್ಟಬಾರ್ದು ಅಂದ್ರಿ. ಎಣ್ಣೆ ಮುಟ್ಟಬಾರ್ದು ಅನ್ನಲಿಲ್ಲ. ಮಡೀಲಿ ಮುಟ್ಟಿದೀನಿ. ಯಾಕೆ ಹೇಳಲಿಲ್ಲ ನೀವು?"

ಮೂರ್ತಪ್ಪ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ಹಂಗಂದ್ರೆ ಬಾಯಿ ಮುಚ್ಕಂಡು ಕೇಳ್ತೀಯ ಅಂತ," ಎಂದ.

ಆಲೆಮನೆಯ ಯಜಮಾನ ಕಾಟಲಿಂಗಪ್ಪ ಮುಂದೆ ಬಂದ. ಅಗಲ ಮೈಯ, ಒಳ್ಳೆಯ ಮಾತಿನ ಮನುಷ್ಯ. ಅವನ ಹಿಂದೆ ಕಡಿದ ಕಬ್ಬು ಮನೆಯೆತ್ತರ ಒಟ್ಟಿತ್ತು. ಹುಳಿ ವಾಸನೆ ಆಗಲೇ ಏಳುತ್ತಿತ್ತು. "ಮೂರ್ತಪ್ಪ, ಬಟ್ಟೆ ಕೊಡಿಸ್ತೀನಿ, ಸೀಗೆಪುಡಿ ಕೊಡಿಸ್ತೀನಿ. ಸ್ವಚ್ಛ ತೊಳ್ಕಂಡು ಹಚ್ಚು ಮಾರಾಯ. ಕಬ್ಬು ನಾಳೆಗೆ ಹೆಂಡ ಆಗ್ತದೆ."

ಮೂರ್ತಪ್ಪ ಕಬ್ಬು ನೋಡಿದ, ಜನರನ್ನು ನೋಡಿದ. ಅಷ್ಟು ಗಂಡಸರ ಎದುರಿಗೆ ಹೆಂಡತಿಯ ಮಾತಿಗೆ ಹೆದರಿದವನಾಗುವುದು ಅವನಿಗೆ ಕಷ್ಟವಾಗಿತ್ತು. ಜಯಕ್ಕನಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. "ತೊಳೆದ್ರೆ ಆಗ್ತದೆ," ಎಂದ ಅವನು. ಯಾರ ಮುಖವನ್ನೂ ನೋಡದೆ ಅಂದ.

"ಆಗಲ್ಲಂತೆ. ಜುಂಜಪ್ಪ ಹೇಳ್ದ. ಕಂಪನಿಗೇ ಹೋಗಬೇಕಂತೆ."

"ಜುಂಜಪ್ಪ ಲಾರಿಗೆ ಏರಿಸೋನು, ಇಳಿಸೋನು. ಅವನಿಗೇನು ಗೊತ್ತು? ಆ ಕಡೆ ಹೋಗಿ ನಿಂತ್ಕ."

ಸೀಗೆಪುಡಿ ಬಂತು, ಬಿಂದಿಗೆಯಲ್ಲಿ ನೀರು ಬಂತು. ಅವನು ಕೀಯನ್ನು ಕಲ್ಲಿನ ಮೇಲಿಟ್ಟು ಮೀಟರು ಬಿಚ್ಚಿದ. ಬಟ್ಟೆ ಒದ್ದೆ ಮಾಡಿ ಹಿತ್ತಾಳೆ ಉಜ್ಜಿದ. ಕಿರುಬೆರಳಿಗೆ ಬಟ್ಟೆ ಸುತ್ತಿ ಬಾಯೊಳಗೆ ತಿರುವಿದ. ಅವನು ಮುಖವನ್ನು ಆದಷ್ಟೂ ಹಿಂದಕ್ಕೆ ಸೆಳೆದುಕೊಂಡಿರುವುದನ್ನು ಜಯಕ್ಕ ನೋಡಿದಳು. ಇಷ್ಟು ವರ್ಷ ಬೆಂಕಿಗೆ ಒಡ್ಡಿಕೊಂಡ ಆ ಮುಖ ಹಿಂದೆ ಸರಿದದ್ದನ್ನು ಅವಳು ಕಂಡಿರಲಿಲ್ಲ. ಅವನಿಗೆ ಗೊತ್ತು. ಗೊತ್ತಿದ್ದೂ ತಿರುಗಿಸುತ್ತಾನೆ.

ಅವಳು ಕಲ್ಲಿನ ಮೇಲಿದ್ದ ಕೀ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಸಿಲಿಂಡರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಕಬ್ಬಿಣ ತಣ್ಣಗೆ ಬೆನ್ನಿಗೆ ತಾಗಿತು.

"ಏಳೇ!"

"ಬೇರೆ ಯಾತರಲ್ಲಾದ್ರೂ ತಿರುಗಿಸ್ರಿ. ನಾನಿಲ್ಲೇ ಇರ್ತೀನಿ."

ಮೂರ್ತಪ್ಪ ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದ. ಯಾರೋ ಹಿಂದಿನಿಂದ, "ಭೇಷ್, ಇದು ಹೊಸ ವೆಲ್ಡಿಂಗು," ಅಂದ. ಯಾರೂ ನಗಲಿಲ್ಲ. ಕಾಟಲಿಂಗಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮಗಳಿಗೆ ಹೇಳುವ ದನಿಯಲ್ಲಿ ಹೇಳಿದ:

"ಹೆದರ್ಕಂಡು ಬಂದೀಯಾ ತಾಯಿ, ಬಾಯೊಣಗೈತೆ. ಮನೇಲಿ ನಮ್ಮ ಹೆಂಗಸ್ರು ಅವ್ರೆ, ಹೋಗಿ ನೀರು ಕುಡಿ, ಊಟ ಮಾಡು, ಒಂದ್ ಗಳಿಗೆ ಮಲಗು. ಕೆಲಸ ಮುಗೀಲಿ, ಮಡ್ಲು ತುಂಬಿಸಿ ಕಳಿಸ್ತೀನಿ, ಇಬ್ಬರನ್ನೂ ಟ್ರ್ಯಾಕ್ಟರಲ್ಲೇ ದುರ್ಗಕ್ಕೆ ಬಿಡಿಸ್ತೀನಿ. ಏಳು, ಆ ಕೀ ಇತ್ಲಾಗೆ ಕೊಡು."

"ಬ್ಯಾಡ," ಎಂದಳು ಜಯಕ್ಕ.