ಉಲ್ಬೋಸಿನ್ ಅಕ್ಕನ ಕೈತುತ್ತು

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಬಂದ ನನ್ನ ಸೊಸೆ ಮರ್ಝಾನ್‌ಳನ್ನು ನಮ್ಮ ಬಳಗ ಕಳ್ಳಿಯನ್ನು ನೋಡುವಂತೆ ನೋಡಿತು. ಕದ್ದದ್ದಾದರೂ ಏನು? ತನ್ನದೇ ಹೊಟ್ಟೆಯ ಮುಕ್ಕಾಲು ಪಾಲನ್ನು ಅಲ್ಮಾಟಿ ನಗರದ ಡಾಕ್ಟರಿಗೆ ಒಪ್ಪಿಸಿ ಬಂದಿದ್ದಳು, ಅಷ್ಟೇ.

ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ. ಮಂಡಿ ಹಿಡಿದುಕೊಳ್ಳದೆ ಮೆಟ್ಟಿಲು ಹತ್ತಲಾರಳು. ನಿದ್ದೆಯಲ್ಲಿ ಅವಳ ಉಸಿರು ನಿಂತು ನಿಂತು ಬರುವುದನ್ನು ಗೋಡೆಯಾಚೆ ಮಲಗಿ ನಾನೇ ಕೇಳಿದ್ದೇನೆ. ಪಥ್ಯ ಮಾಡಿದಳು, ನಡೆದಳು, ತೂಕ ಇಳಿಯಿತು, ಮತ್ತೆ ಏರಿತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆಪರೇಷನ್ನಿನ ಗಾಯ ಇನ್ನೂ ಹಸಿಯಿದ್ದಾಗಲೇ ಉಲ್ಬೋಸಿನ್ ಅಕ್ಕ ಮೊಮ್ಮಗಳ ತೊಟ್ಟಿಲ ಔತಣಕ್ಕೆ ಕರೆದಳು. ಅವಳು ತೀರಿಹೋದ ನನ್ನ ಗಂಡನ ಅಕ್ಕ, ಮನೆತನಕ್ಕೆಲ್ಲ ಹಿರಿಯಳು. ಹೋಗದಿದ್ದರೆ ಮುನಿಸು. ತಿಳಿಸಾರು, ಮೊಸರು ಬಿಟ್ಟು ಬೇರೇನೂ ಕೂಡದು, ಗಟ್ಟಿ ಮಾಂಸ ಇಳಿದರೆ ಒಳಗಿನ ಹೊಲಿಗೆ ಬಿಟ್ಟು ಜೀವಕ್ಕೇ ಕುತ್ತು ಬರಬಹುದು ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು. ಅದನ್ನು ಫೋನಿನಲ್ಲಿ ಅಕ್ಕನಿಗೆ ತಿಳಿಸಿದ್ದೆ. ಹೂಂ ಎಂದಿದ್ದಳು.

ಔತಣದಲ್ಲಿ ಮರ್ಝಾನ್ ಎದುರಿಗೇ ಅವಳ ಮಾತು ನಡೆಯಿತು, ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ. ಕೊಳವೆ ಹಾಕಿ ಕೊಬ್ಬು ಹೀರುತ್ತಾರಂತೆ ಎಂದಳು ಒಬ್ಬಳು. ಇನ್ನು ಮಕ್ಕಳಾಗುವುದಿಲ್ಲ ಎಂದು ಇನ್ನೊಬ್ಬಳು ಯೆರ್ಕೆನ್ ಬಗ್ಗೆ ಮರುಗಿದಳು. ಯೆರ್ಕೆನ್ ನನ್ನ ಮಗ, ಅವಳ ಗಂಡ. ಸುಮ್ಮನೆ ಚಹಾ ಕುಡಿಯುತ್ತಿದ್ದ. ಕೊಬ್ಬು ಹೀರುವುದಲ್ಲ, ಹೊಟ್ಟೆಯನ್ನು ಕಿರಿದು ಮಾಡುವುದು. ತೂಕ ಇಳಿದರೆ ಬಸಿರಾಗುವುದು ಸುಲಭವೇ ಆಗಬಹುದು ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಕೇಳಲು ಯಾರಿಗೆ ಬೇಕಿತ್ತು?

"ಸುಲಭದ ದಾರಿ ಹುಡುಕಿದ್ಳು. ಬಾಯಿ ಕಟ್ಟಿದ್ರೆ ಸಾಕಿತ್ತಪ್ಪ," ಎಂದಳು ಅಕ್ಕ.

ಅಷ್ಟರಲ್ಲಿ ದೊಡ್ಡ ಹರಿವಾಣ ಬಂತು. ಹಿರಿಯರು ಮಾಂಸವನ್ನೂ ಬೇಯಿಸಿದ ಹಿಟ್ಟಿನ ಹಾಳೆಯನ್ನೂ ಕೈಯಲ್ಲಿ ಕಲಸಿ ಕಿರಿಯರ ಬಾಯಿಗಿಡುವುದು ನಮ್ಮಲ್ಲಿ ಪ್ರೀತಿ. ಬೇಡವೆಂದರೆ ಆ ಮನೆಯನ್ನೇ ಬೇಡವೆಂದಂತೆ. ಅಕ್ಕ ಕುರಿಬಾಲದ ಕೊಬ್ಬನ್ನೇ ಆರಿಸಿ ಹಿಡಿ ತುಂಬಿಕೊಂಡಳು.

"ಬಾಯಿ ತೆಗಿ ಮಗಳೇ. ಕೊಯ್ಸಿದ್ದು ಹೊಟ್ಟೇನ, ನೆಂಟಸ್ತನಾನಲ್ಲ."

ಎಲ್ಲರೂ ನಕ್ಕರು. ಮರ್ಝಾನ್ ಗಂಡನ ಕಡೆ ನೋಡಿದಳು. ಒಂದು ತುತ್ತು ತಾನೇ ಎಂದು ಅವನು ತಲೆ ತಗ್ಗಿಸಿ ಗೊಣಗಿದ. ಅವಳು ಬಾಯಿ ತೆರೆದಳು.

ನಾನು ಅಕ್ಕನ ಮಣಿಕಟ್ಟು ಹಿಡಿದೆ, ಆ ಕೈಯನ್ನು ನನ್ನ ಬಾಯಿಗೇ ಎಳೆದುಕೊಂಡೆ. ನಾನೂ ಅವಳಿಗಿಂತ ಕಿರಿಯಳೇ, ಪದ್ಧತಿಯೇನೂ ತಪ್ಪಲಿಲ್ಲ. ಜಿಡ್ಡನ್ನು ನುಂಗಿ ಹೇಳಿದೆ:

"ಅಕ್ಕ, ನಿಮ್ಮ ಪಿತ್ತಕೋಶ ತೆಗೆದಾಗ ನಾವೆಲ್ಲ ಸಾರು ಹೊತ್ಕೊಂಡು ಬಂದ್ವಿ. ಸುಲಭದ ದಾರಿ ಅಂತ ಯಾರೂ ಅನ್ಲಿಲ್ಲ. ಇವಳಿಗೆ ಬಾಯಿ ಕಟ್ಟು ಅಂತೀರಿ, ಅದೇ ಬಾಯಿಗೆ ಕೊಬ್ಬು ತುರುಕ್ತೀರಿ. ಯಾವ್ದಾದ್ರೂ ಒಂದು ಹೇಳಿ."

"ಪಿತ್ತಕೋಶದ್ದು ಕಾಯಿಲೆ ಕಣೇ. ಇವಳದ್ದು ಹೊಟ್ಟೆಬಾಕತನ."

ಹೇಳುತ್ತಲೇ ಹರಿವಾಣಕ್ಕೆ ಮತ್ತೆ ಕೈ ಹಾಕಿದಳು. ಈ ಸಲ ತುತ್ತು ಚಿಕ್ಕದು. ತಾನು ರಿಯಾಯಿತಿ ತೋರಿಸುತ್ತಿದ್ದೇನೆ ಎಂಬ ಮುಖ. ನನ್ನನ್ನು ಮೊಣಕೈಯಿಂದ ಸರಿಸಿ ಮರ್ಝಾನ್ ತುಟಿಯವರೆಗೆ ಚಾಚಿದಳು.

ಮರ್ಝಾನ್ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ತಗ್ಗಿದ ದನಿಯಲ್ಲೇ ಮಾತಾಡಿದವಳು ಕೈ ತೆಗೆದು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಬೇಡ ದೊಡ್ಡತ್ತೆ. ಇದನ್ನ ನುಂಗಿದ್ರೆ ನನ್ನ ಜೀವ ಹೋಗ್ಬಹುದು. ನಿಮ್ಮ ಮರ್ಯಾದೆಗೋಸ್ಕರ ನಾನು ಸಾಯಲ್ಲ."

ಅಕ್ಕ ತುತ್ತನ್ನು ಹರಿವಾಣಕ್ಕೆ ಹಾಕಿ ಬೆರಳು ಒರೆಸಿಕೊಂಡಳು.

ಊಟ ಮುಗಿದು ಎಲ್ಲರೂ ಪ್ರಾರ್ಥನೆಗೆ ಅಂಗೈ ಒಡ್ಡಿ ಕುಳಿತರು. ಅಕ್ಕ ಸೊಸೆಯರನ್ನೆಲ್ಲ ಹೆಸರು ಹಿಡಿದು ಹರಸಿದಳು, ಮರ್ಝಾನ್ ಒಬ್ಬಳನ್ನು ಬಿಟ್ಟು. ಹೆಂಡತಿಯನ್ನು ಬಿಟ್ಟ ಆ ಹಾರೈಕೆಗೆ ಯೆರ್ಕೆನ್ ಆಮೀನ್ ಎಂದು ಮುಖ ಸವರಿಕೊಂಡ. ನಾನು ಮುಖಕ್ಕೆ ಕೈ ಎತ್ತಲಿಲ್ಲ. ಎದ್ದುಹೋಗಿ ಸೊಸೆಯ ಕೋಟು ತಂದು ತೊಡಿಸಿದೆ. ಮಗನನ್ನು ಕರೆಯಲಿಲ್ಲ.