ಅಕ್ಕಯ್ಯಮ್ಮ ಟೀವಿಯಲ್ಲಿ ಹೇಳಿದ ಮಾತು

ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಬಂದಿದ್ದ ವರ್ಷ ದಿಬ್ಬೂರಹಳ್ಳಿಯ ಮುನಿಶಾಮಪ್ಪನವರು ಶಿಡ್ಲಘಟ್ಟದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಒಂದು ಟೀವಿ ತಂದರು. ಅದು ಎಂಬತ್ತೇಳನೆಯ ಇಸವಿ. ಬೆಳಗಿನ ಹೊತ್ತು 'ಮುಂಜಾನೆ ಮಾತು' ಎಂಬ ಕಾರ್ಯಕ್ರಮ ಶುರುವಾದದ್ದೂ ಆಗಲೇ. ಮೊದಲು ವಾರ್ತೆ, ಆಮೇಲೆ ಎರಡು ಕುರ್ಚಿ, ನಡುವೆ ಗಿಡ್ಡ ಮೇಜಿನ ಮೇಲೆ ಪ್ಲಾಸ್ಟಿಕ್ ಗುಲಾಬಿ. ಒಂದು ಕುರ್ಚಿಯಲ್ಲಿ ಕನ್ನಡಕ ಹಾಕಿದ ತೆಳ್ಳಗಿನ ಹುಡುಗಿ, ಇನ್ನೊಂದರಲ್ಲಿ ಆ ದಿನದ ಅತಿಥಿ. ಒಂದು ದಿನ ವೈದ್ಯರು, ಇನ್ನೊಂದು ದಿನ ಬಸ್ಸಿನ ಡ್ರೈವರು, ಮತ್ತೊಂದು ದಿನ ಮಡಕೆ ಮಾಡುವವರು.

ಮುನಿಶಾಮಪ್ಪನವರ ಹೆಂಡತಿ ಅಕ್ಕಯ್ಯಮ್ಮ ದೇವರ ದೀಪ ಹಚ್ಚಿ, ಕೈವಾರದ ತಾತಯ್ಯನ ಪಟಕ್ಕೆ ಹೂವಿಟ್ಟು, ಅದೇ ಒದ್ದೆ ಕೈಯಲ್ಲಿ ಟೀವಿ ಹಾಕುತ್ತಿದ್ದರು. ಆ ಹುಡುಗಿ ನಮಸ್ಕಾರ ಎಂದರೆ ಇವರೂ ಕೈ ಮುಗಿಯುತ್ತಿದ್ದರು.

"ಪಾಪ, ಈವತ್ತು ಮಗು ನಿದ್ದೆ ಮಾಡಿಲ್ಲ. ಕಣ್ಣು ನೋಡ್ರೀ ಹೆಂಗಾಗವೆ" ಎನ್ನುವರು.

"ಅವಳಿಗೆ ಕೇಳ್ಸಲ್ಲ ಕಣೇ" ಎಂದು ಮುನಿಶಾಮಪ್ಪನವರು ನಗುವರು.

"ಕೇಳ್ಸದೇ ಇರ್ಲಿ ಬಿಡಿ. ನೀವೂ ಕೇಳ್ಸ್ಕೊಳಲ್ಲ, ನಿಮ್ಜೊತೆ ನಾನು ಮಾತಾಡಲ್ವ?"

ಎರಡು ವರ್ಷ ಹೀಗೇ ನಡೆಯಿತು. ಒಂದು ಗುರುಪೂರ್ಣಿಮೆಗೆ ಅಕ್ಕಯ್ಯಮ್ಮ ಪಕ್ಕದ ಮನೆಯ ಮುನಿಗಂಗಮ್ಮನನ್ನು ಕರೆದುಕೊಂಡು ಕೈವಾರಕ್ಕೆ ಹೋದರು. ಮನೆಯಲ್ಲಿ ರೇಷ್ಮೆಹುಳು ಇದ್ದುದರಿಂದ ಮುನಿಶಾಮಪ್ಪನವರು ಉಳಿದುಕೊಂಡರು. ಸಂಜೆ ಬಸ್ಸಿಳಿದು ಬಂದ ಹೆಂಡತಿಯ ಮುಖದಲ್ಲಿ ಏನೋ ಕಳೆ.

"ನಾನು ಟೀವೀಲಿ ಬರ್ತೀನಂತೆ! ಆ ಕನ್ನಡಕದ ಮಗು ಕೈವಾರಕ್ಕೆ ಬಂದಿತ್ತು. ತಾತಯ್ಯನ ಹತ್ರ ಏನು ಕೇಳ್ಕೊಂಡ್ರಿ ಅಂತ ಮೈಕು ಹಿಡೀತು."

"ಏನಂದೆ?"

"ಬಂದಾಗ ನೋಡಿ."

ಹಿಂದೆ ನಿಂತಿದ್ದ ಮುನಿಗಂಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ನಡುವೆಯೇ ನಿಂತಿತು. ತನ್ನ ಮನೆಗೆ ಹೋದಳು.

ಅದು ಟೀವಿಯಲ್ಲಿ ಬಂದ ದಿನ ಮನೆಯಲ್ಲಿ ಹುಳು ನಾಲ್ಕನೆಯ ಜ್ವರಕ್ಕೆ ಕೂರುವ ಹೊತ್ತು. ಹುಳು ಹಳೆಯ ಚರ್ಮ ಬಿಡುವ ಮುನ್ನ ಸೊಪ್ಪು ಮುಟ್ಟದೆ, ತಲೆಯೆತ್ತಿ, ಕದಲದೆ ಕೂರುತ್ತದೆ. ಅದನ್ನೇ ಆ ಕಡೆ ಜ್ವರ ಎನ್ನುವುದು. ಜ್ವರಕ್ಕೆ ಕೂತ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಪಾತ್ರೆ ಬಡಿಯುವುದಿಲ್ಲ, ದನಿಯೆತ್ತಿ ಮಾತನಾಡುವುದಿಲ್ಲ. ಹುಳುವಿನ ತಟ್ಟೆಗಳೂ ಟೀವಿಯೂ ಇದ್ದದ್ದು ಒಂದೇ ಪಡಸಾಲೆಯಲ್ಲಿ. ಬೀದಿಗೆಲ್ಲ ಅದೊಂದೇ ಟೀವಿ. ಜನ ಬಾಗಿಲವರೆಗೂ ಬಂದು ಕೂತಿದ್ದರು. ಅಕ್ಕಯ್ಯಮ್ಮ ಎದ್ದು ಗುಂಡಿ ತಿರುಗಿಸಿ ಸದ್ದನ್ನು ಪೂರ್ತಿ ತೆಗೆದುಬಿಟ್ಟರು.

"ಇನ್ನೂ ಪೂರ್ತಿ ಕೂತಿಲ್ಲ ಕಣೇ, ಅಲ್ಲೊಂದು ಇಲ್ಲೊಂದು ಸೊಪ್ಪು ಕಡೀತಾವೆ" ಎಂದರು ಮುನಿಶಾಮಪ್ಪನವರು.

"ಕೂತಾಯ್ತು. ಸುಮ್ನಿರಿ."

"ಏನಮ್ಮೋ, ಮೂಗಿ ಪಾರ್ಟಾ ನಿಂದು?" ಎಂದು ಬಾಗಿಲಲ್ಲಿ ಯಾರೋ ಅಂದರು. ಎಲ್ಲರೂ ಸದ್ದಾಗದಂತೆ ನಕ್ಕರು.

ಪರದೆಯ ಮೇಲೆ ಅಕ್ಕಯ್ಯಮ್ಮ ಬಂದರು. ಹಣೆಯಗಲ ಕುಂಕುಮ, ಪಕ್ಕದಲ್ಲಿ ಮುನಿಗಂಗಮ್ಮ. ತುಟಿ ಆಡಿತು. ಕನ್ನಡಕದ ಹುಡುಗಿ ಮೊದಲು ನಕ್ಕಳು, ಆಮೇಲೆ ನಗು ಬಿಟ್ಟು ಅಕ್ಕಯ್ಯಮ್ಮನ ಭುಜ ಮುಟ್ಟಿದಳು. ಅಷ್ಟರಲ್ಲಿ ಬೇರೆ ಯಾರದೋ ಮುಖ ಬಂತು. ಏನಂದೆ ಎಂದು ಗಂಡ ಮತ್ತೆ ಕೇಳಿದರೂ ಅಕ್ಕಯ್ಯಮ್ಮ ಹೇಳಲಿಲ್ಲ.

ಮರುವರ್ಷ ಬೇಸಗೆಯಲ್ಲಿ, ಸೊಪ್ಪು ಕುಯ್ಯಲು ಹೋದ ಅಕ್ಕಯ್ಯಮ್ಮ ಹಿಪ್ಪುನೇರಳೆ ಸಾಲಿನಲ್ಲಿ ಎದೆ ಹಿಡಿದುಕೊಂಡು ಕೂತರು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ.

ಹೆಣಕ್ಕೆ ಅರಿಸಿನ ಕುಂಕುಮ ಹಚ್ಚುತ್ತ ಬೀದಿಯ ಹೆಂಗಸರು, ಎಂಥ ಪುಣ್ಯವಂತೆ, ಮುತ್ತೈದೆಯಾಗಿ ಹೋದಳು ಎಂದರು. ತಾತಯ್ಯನ ಹತ್ತಿರ ಅದನ್ನೇ ಕೇಳಿರಬೇಕು, ಅದಕ್ಕೇ ಗಂಡನಿಗೆ ಹೇಳಲಿಲ್ಲ ಎಂದು ಇನ್ನೊಬ್ಬಳು ಸೇರಿಸಿದಳು. ಸಮಾಧಾನಕ್ಕೆ ಆಡಿದ ಮಾತು ಅದು. ಮುನಿಶಾಮಪ್ಪನವರ ಎದೆಯಲ್ಲಿ ಮಾತ್ರ ಮುಳ್ಳಾಗಿ ಕೂತಿತು. ತನ್ನನ್ನು ಬಿಟ್ಟು ಮುಂದೆ ಹೋಗುತ್ತೇನೆಂದು ಅವಳು ಕೇಳಿದಳು, ದೇವರು ಕೊಟ್ಟ. ಅವಳೂ ದೇವರೂ ಸೇರಿ ಮಾತಾಡಿಕೊಂಡರು, ತನ್ನನ್ನು ಒಂದು ಮಾತು ಕೇಳಲಿಲ್ಲ. ಅವರು ದಿನವೂ ದೀಪ ಹಚ್ಚುವುದನ್ನು ಬಿಡಲಿಲ್ಲ. ಆದರೆ ಪಟದ ಮುಖ ನೋಡುತ್ತಿರಲಿಲ್ಲ. ಕೈವಾರದ ಬಸ್ಸು ಹತ್ತುವುದನ್ನೂ ನಿಲ್ಲಿಸಿದರು.

ಒಮ್ಮೆ ಮುನಿಗಂಗಮ್ಮನನ್ನು ಕೇಳಿಯೇಬಿಟ್ಟರು.

"ನೀನು ಪಕ್ಕದಲ್ಲೇ ಇದ್ದೆಯಲ್ಲಮ್ಮ. ಏನು ಕೇಳಿದ್ಲು?"

"ಅಯ್ಯೋ ನಾಯ್ನಾ, ನನ್ನ ಕೇಳ್ಬೇಡ. ತಾತಯ್ಯನ ಸನ್ನಿಧೀಲಿ ಕೈಮೇಲೆ ಕೈ ಇಡಿಸ್ಕೊಂಡವ್ಳೆ, ಬಾಯಿ ಬಿಡಲ್ಲ ಅಂತ."

ಸನ್ನಿಧಿಯಲ್ಲಿ ಕೊಟ್ಟ ಮಾತನ್ನು ಮುರಿಸುವಷ್ಟು ಗಟ್ಟಿ ಎದೆ ಮುನಿಶಾಮಪ್ಪನವರಿಗೆ ಇರಲಿಲ್ಲ. ಉಳಿದದ್ದು ಟೀವಿ ಒಂದೇ. ಪ್ರತಿ ವರ್ಷ ಕಾರ್ಯಕ್ರಮದ ಹುಟ್ಟಿದ ದಿನ ಹಳೆಯ ತುಣುಕುಗಳನ್ನು ತೋರಿಸುತ್ತಿದ್ದರು. ಬೆಂಗಳೂರಿಗೆ ಹೋಗಿದ್ದ ಮಗ ರಾಮಾಂಜಿನಪ್ಪ ವಿಚಾರಿಸಿಕೊಂಡು ಬಂದು, "ಹಳೇ ಟೇಪಿನ ಮೇಲೇ ಹೊಸದು ತುಂಬ್ತಾರಂತಪ್ಪ. ಇರೋದು ಅನುಮಾನ" ಎಂದ. ಆದರೂ ಅವರು ಕಾದರು. ಆ ದಿನ ಮುನಿಗಂಗಮ್ಮನೂ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ಕೈವಾರದ್ದು ಬರುತ್ತಿರಲಿಲ್ಲ. ಇಬ್ಬರೂ ಎದ್ದುಹೋಗುತ್ತಿದ್ದರು.

ವರ್ಷಗಳು ಹೋದಂತೆ 'ಮುಂಜಾನೆ ಮಾತು' ಬೇರೆಯೇ ಆಯಿತು. ಕುರ್ಚಿ ಹೋಗಿ ಸೋಫಾ ಬಂತು, ವಾರ್ತೆ ಕುಗ್ಗಿತು. ಪಕ್ಕದಲ್ಲಿ ಒಬ್ಬ ನಗುವ ಹುಡುಗ ಕೂತು ಜನರ ಫೋನು ತೆಗೆದುಕೊಳ್ಳತೊಡಗಿದ. ಮಾತಿನ ನಡುವೆ ಕುಕ್ಕರಿನ ಜಾಹೀರಾತು. ಕನ್ನಡಕದ ಹುಡುಗಿ ಬಸುರಿಯಾಗಿ ರಜೆ ಹೋಗಿ ದಪ್ಪಗಾಗಿ ಬಂದಳು. ಕಿವಿಯ ಬಳಿ ನರೆ ಕಂಡಿತು. ಅವಳ ಕಣ್ಣು ನೋಡಿ ನಿದ್ದೆ ಅಳೆಯುವವರು ಮನೆಯಲ್ಲಿರಲಿಲ್ಲ. ಊರಿಗೆ ಕೇಬಲ್ ಬಂದಮೇಲೆ ಮೊಮ್ಮಕ್ಕಳು, "ತಾತ, ಈ ಅಜ್ಜಿ ಮಾತು ಸಾಕು, ಕಾರ್ಟೂನ್ ಹಾಕು" ಎಂದು ಜಗಳಕ್ಕೆ ನಿಲ್ಲುತ್ತಿದ್ದರು.

ತೊಂಬತ್ತೇಳರಲ್ಲಿ ಒಂದು ಬೆಳಿಗ್ಗೆ ಕನ್ನಡಕದ ಆಕೆಯೇ ಹೇಳಿದಳು: ಬರುವ ವಾರಕ್ಕೆ ಕಾರ್ಯಕ್ರಮ ಮುಗಿಯುತ್ತದೆ, ಕೊನೆಯ ದಿನ ತನ್ನ ಮನಸ್ಸಿನಲ್ಲಿ ಉಳಿದ ಕೆಲವು ಮುಖಗಳನ್ನು ತೋರಿಸುತ್ತಾಳೆ.

ಕೊನೆಯ ದಿನ ಮನೆಯಲ್ಲಿ ಹುಳು ನಾಲ್ಕನೆಯ ಜ್ವರಕ್ಕೆ ಕೂತಿತ್ತು. ಈ ಸಲ ಅನುಮಾನವೇ ಇರಲಿಲ್ಲ. ತಟ್ಟೆಗಳಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸೊಸೆ ವೆಂಕಟರತ್ನಮ್ಮ ಅತ್ತೆ ಕಲಿಸಿದಂತೆ ಸದ್ದು ತೆಗೆದು ಟೀವಿ ಹಾಕಿದ್ದಳು. ಮುನಿಗಂಗಮ್ಮ ಕಂಬಕ್ಕೆ ಒರಗಿದ್ದಳು. ಮುಖಗಳು ಬಂದು ಹೋದವು: ಮಡಕೆ ಮಾಡುವವರು, ಡ್ರೈವರು. ಆಮೇಲೆ ಕೈವಾರದ ಬಾಗಿಲು.

ಮುನಿಶಾಮಪ್ಪನವರು ಹೇಗೆ ಎದ್ದರೋ ಅವರಿಗೇ ಗೊತ್ತಿಲ್ಲ. ಗುಂಡಿಯನ್ನು ಕೊನೆ ಮುಟ್ಟುವವರೆಗೂ ತಿರುಗಿಸಿದರು.

"ಮಾವಾ! ಹುಳ ಜ್ವರಕ್ಕೆ ಕೂತವೆ!" ಎಂದು ವೆಂಕಟರತ್ನಮ್ಮ ಕಿರುಚಿದಳು.

ಪಡಸಾಲೆಯ ತುಂಬ ಅಕ್ಕಯ್ಯಮ್ಮನ ದನಿ. ಸ್ವಲ್ಪ ಒರಟು, ಸ್ವಲ್ಪ ನಗು.

"...ನಮ್ಮನೆಯವ್ರನ್ನ ಮುಂಚೆ ಕರ್ಕೊಳಪ್ಪ ಅಂತ ಕೇಳ್ದೆ ಕಣಮ್ಮ."

"ಅಯ್ಯೋ ಅಮ್ಮ, ಯಾರಾದ್ರೂ ಹಾಗೆ ಕೇಳ್ತಾರಾ!" ಎಂದು ಹುಡುಗಿ ನಕ್ಕಳು.

"ಯಾರೂ ಕೇಳಲ್ಲ. ನಾನು ಕೇಳ್ದೆ. ನಾನು ಮುಂಚೆ ಹೋದ್ರೆ ಆ ಮನುಷ್ಯ ಏನು ಮಾಡ್ತಾರೆ? ಒಂದು ಚೊಂಬು ನೀರು ಕಾಯಿಸ್ಕೊಳಕ್ಕೆ ಬರಲ್ಲ. ಹಸಿವಾದ್ರೆ ಹಸಿವು ಅಂತ ಬಾಯಿಬಿಟ್ಟು ಹೇಳಲ್ಲ. ನನಗೇನು, ಕುಂಕುಮ ಇಲ್ದೆ ಹೆಂಗೋ ಇರ್ತೀನಿ. ಅವ್ರನ್ನ ಬಿಟ್ಟು ಹೋಗೋದು ಬೇಡ ಅಂದೆ."

ಹುಡುಗಿಯ ನಗು ನಿಂತಿತು. ಕೈ ಭುಜದ ಮೇಲೆ ಬಂತು. ಆಮೇಲೆ ಬೇರೆ ಮುಖ.

ವೆಂಕಟರತ್ನಮ್ಮ ಗುಂಡಿ ತಿರುಗಿಸುವುದನ್ನು ಮರೆತು ನಿಂತಿದ್ದಳು. ಮುತ್ತೈದೆ ಬಾಯಲ್ಲಿ ಇಂಥ ಮಾತು, ಅದೂ ದೇವರ ಬಾಗಿಲಲ್ಲಿ. ಅವತ್ತು ಬೀದಿಗೆ ಕೇಳಿಸಿದ್ದರೆ ಏನಾಗುತ್ತಿತ್ತೋ.

"ಅದಕ್ಕೇ ಅವತ್ತು ಸದ್ದು ತೆಗೆದಿದ್ದು" ಎಂದಳು ಮುನಿಗಂಗಮ್ಮ. ಕಣ್ಣೊರೆಸಿಕೊಂಡಳು. "ಹುಳ ಇನ್ನೂ ಕೂತಿರ್ಲಿಲ್ಲ. ನೀನು ಹೇಳಿದ್ದೇ ಸರಿ. ನೋಡು ನಾಯ್ನಾ, ನಾನು ಹೇಳ್ಲಿಲ್ಲ. ಅವಳೇ ಹೇಳಿದ್ದು."

ಮುನಿಶಾಮಪ್ಪನವರು ತಾತಯ್ಯನ ಪಟದ ಕಡೆ ತಿರುಗಿದರು. ಎಷ್ಟೋ ವರ್ಷದ ಮೇಲೆ ಆ ಮುಖ ನೋಡಿದರು. ಅವಳು ಕೇಳಿದ್ದನ್ನು ಕೊಟ್ಟನೆಂದು ಇಷ್ಟು ದಿನ ಸಿಟ್ಟು. ಈಗ ನೋಡಿದರೆ ಅವಳು ಕೇಳಿದ್ದನ್ನು ಅವನು ಕೊಟ್ಟೇ ಇಲ್ಲ. ಇನ್ನು ಯಾವುದಕ್ಕೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಮುನಿಸು ಕರಗಿತೆಂದಲ್ಲ. ಅದರ ಜಾಗದಲ್ಲಿ ಬಂದದ್ದು ಇನ್ನೂ ಭಾರವಾಗಿತ್ತು.

ಟೀವಿಯಲ್ಲಿ ಕನ್ನಡಕದ ಹೆಂಗಸು ಕೊನೆಯ ಸಲ ನಮಸ್ಕಾರ ಹೇಳಿದಳು. ಮುನಿಶಾಮಪ್ಪನವರು ಕೈ ಮುಗಿದರು. ಆಮೇಲೆ ಹಿತ್ತಲಿಗೆ ನಡೆದು, ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೌದೆ ಒಟ್ಟತೊಡಗಿದರು.

"ಬಿಡಿ ಮಾವ, ನಾನು ಹಚ್ತೀನಿ" ಎಂದು ಓಡಿಬಂದಳು ವೆಂಕಟರತ್ನಮ್ಮ.

"ಬೇಡಮ್ಮ. ನೀನು ಹುಳ ನೋಡ್ಕೋ, ಬೆದರಿರ್ತಾವೆ. ನಾನು ಸ್ನಾನ ಮಾಡಿ ಕೈವಾರಕ್ಕೆ ಹೋಗ್ಬರ್ತೀನಿ."

ಸೌದೆ ಹಸಿಯದು. ಬೆಂಕಿ ಹಿಡಿಯಲಿಲ್ಲ. ಅವರು ಊದಿದರು, ಹೊಗೆ ಕಣ್ಣಿಗೆ ತುಂಬಿತು, ಮತ್ತೆ ಊದಿದರು. ಸೊಸೆ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ.